ಉಳದ ನೆಲದ ಪುಸ್ತಕ: ಮಣ್ಣಿನ ಕಡೆಯಿಂದ ಒಂದು ವಿಮರ್ಶೆ

ಜಪಾನಿನ ಮಸನೊಬು ಫುಕುವೋಕ (1913–2008) ಅವರ ‘ಒನ್ ಸ್ಟ್ರಾ ರೆವಲ್ಯೂಷನ್’ ಜಪಾನೀ ಭಾಷೆಯಲ್ಲಿ 1975ರಲ್ಲಿ, ಇಂಗ್ಲಿಷಿನಲ್ಲಿ 1978ರಲ್ಲಿ ಪ್ರಕಟವಾಯಿತು. ನಮ್ಮ ಸಹಜ ಕೃಷಿಕರಿಗೂ ಇದು ಚಿರಪರಿಚಿತ. ಆದರೆ ತತ್ತ್ವಗ್ರಂಥವಾಗಿ ಓದಿದಷ್ಟು ಇದನ್ನು ಮಣ್ಣಿನ ಪುಸ್ತಕವಾಗಿ ನಾವು ಓದಿಲ್ಲ.

ಲೇಖಕರು ಸಸ್ಯರೋಗ ವಿಜ್ಞಾನ ಕಲಿತವರು. ಸರಕಾರಿ ಕೆಲಸ ಬಿಟ್ಟು ಶಿಕೊಕು ದ್ವೀಪದ ತಮ್ಮ ಊರಿಗೆ ಮರಳಿ ಬತ್ತ, ಬಾರ್ಲಿ, ಕಿತ್ತಳೆ ಬೆಳೆದರು. ಅವರ ನಾಲ್ಕು ಸೂತ್ರಗಳಲ್ಲಿ ಮೊದಲನೆಯದು, ಉಳುಮೆ ಬೇಡ. ಬೇರು, ಎರೆಹುಳು, ಸೂಕ್ಷ್ಮಜೀವಿಗಳೇ ನೆಲವನ್ನು ಹದಗೊಳಿಸುತ್ತವೆ ಎಂಬುದು ಅವರ ವಾದ.

ಹೇಗೆ ಎಂಬುದಕ್ಕೆ ಪುಸ್ತಕದಲ್ಲಿ ಉತ್ತರ ಸಾಲದು. ಆ ಕೊರತೆಯನ್ನು ವಿಜ್ಞಾನ ತುಂಬಿಕೊಟ್ಟಿದೆ. ಬೇರಿನೊಳಗೆ ನೆಲೆಸುವ ಮೈಕೋರೈಜಾ ಶಿಲೀಂಧ್ರಗಳು ಕೂದಲಿಗಿಂತ ತೆಳುವಾದ ಎಳೆಗಳನ್ನು ಮಣ್ಣಿಗೆ ಚಾಚುತ್ತವೆ. ಬೇರಿಗೆ ಎಟುಕದ ರಂಜಕವನ್ನು ಗಿಡಕ್ಕೆ ತಂದುಕೊಟ್ಟು, ಪ್ರತಿಯಾಗಿ ಆಹಾರ ಪಡೆಯುತ್ತವೆ. ಇದೇ ಎಳೆಗಳು ಮಣ್ಣಿನ ಕಣಗಳನ್ನು ಹೆಣೆದು ಹರಳಾಗಿಸುತ್ತವೆ. ನೇಗಿಲು ಈ ಬಲೆಯನ್ನು ಕತ್ತರಿಸುತ್ತದೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ, ಕದಡದ ಮಣ್ಣಿನಲ್ಲಿ ಬೆಳೆದ ಮುಸುಕಿನ ಜೋಳದ ಸಸಿಗಳು ಹೆಚ್ಚು ರಂಜಕ ಹೀರಿಕೊಂಡವು. ಆದರೆ ಈ ಲಾಭ ಪ್ರತಿ ಸಲವೂ ಇಳುವರಿಯಲ್ಲಿ ಕಾಣಲಿಲ್ಲ.

ಪುಸ್ತಕದ ದೌರ್ಬಲ್ಯವೂ ಇಲ್ಲಿಯೇ ಇದೆ. ಒಂದು ಊರಿನ ಅನುಭವವನ್ನು, ನೆರೆಯ ಗದ್ದೆಗಳೊಡನೆ ಹೋಲಿಸಿ, ಎಲ್ಲ ನೆಲಕ್ಕೂ ಸಲ್ಲುವ ನಿಯಮದಂತೆ ಮುಂದಿಡಲಾಗಿದೆ. 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ 610 ಅಧ್ಯಯನಗಳನ್ನು ಒಟ್ಟುಗೂಡಿಸಿತ್ತು. ಅದರ ಪ್ರಕಾರ ಉಳುಮೆ ನಿಲ್ಲಿಸಿದಾಗ ಸರಾಸರಿ ಇಳುವರಿ ಸುಮಾರು ಶೇಕಡಾ 5.7ರಷ್ಟು ಇಳಿಯಿತು. ಬೆಳೆಯುಳಿಕೆಯ ಹೊದಿಕೆ ಮತ್ತು ಬೆಳೆ ಪರಿವರ್ತನೆ ಜೊತೆಗೂಡಿದಾಗ ನಷ್ಟ ಕುಗ್ಗಿತು. ಒಣಹವೆಯ ಮಳೆಯಾಶ್ರಿತ ಜಮೀನಿನಲ್ಲಿ ಇಳುವರಿ ಏರಿತು. ಫುಕುವೋಕ ತಮ್ಮ ಗದ್ದೆಗೆ ಹುಲ್ಲು ಹರಡಿ, ಬಿಳಿ ಕ್ಲೋವರ್ ಬಿತ್ತಿದ್ದರು ಎಂಬುದನ್ನು ಮರೆತು ನೇಗಿಲನ್ನಷ್ಟೇ ಮೂಲೆಗಿಟ್ಟರೆ ರೈತನಿಗೆ ನಷ್ಟವಾದೀತು.

ಹಣ್ಣಿನ ತೋಟದ ಭಾಗವೇ ಕೃತಿಯ ಸತ್ತ್ವ. ತಂದೆ ಸವರಿ ಬೆಳೆಸಿದ್ದ ಕಿತ್ತಳೆ ಮರಗಳನ್ನು ಸವರದೆ ಬಿಟ್ಟಾಗ ಕೊಂಬೆಗಳು ಸಿಕ್ಕಾಗಿ, ಕೀಟ ಬಿದ್ದು ಮರಗಳು ಸತ್ತವೆಂದು ಅವರು ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ಸಹಜ ಕೃಷಿ ಬೇರೆ, ಪಾಳುಬಿಡುವುದು ಬೇರೆ ಎಂಬ ಪಾಠ ಇದರಿಂದ ಹುಟ್ಟಿತು.

ಮುಂದೆ ಗಟ್ಟಿಯಾದ ಕೆಂಪು ಮಣ್ಣಿನಲ್ಲಿ ಅಕೇಸಿಯ ನೆಟ್ಟರು; ಕ್ಲೋವರ್, ಮೂಲಂಗಿ ಬಿತ್ತಿದರು. ಇಲ್ಲೊಂದು ಸೂಕ್ಷ್ಮವಿದೆ. ಕಿತ್ತಳೆ ಜಾತಿಯ ಗಿಡಗಳು ಮೈಕೋರೈಜಾವನ್ನು ಬಹಳವಾಗಿ ನೆಚ್ಚಿವೆ. ಅಮೆರಿಕದ ನರ್ಸರಿಗಳಲ್ಲಿ ಮಣ್ಣನ್ನು ಧೂಮೀಕರಿಸಿ ಶಿಲೀಂಧ್ರಗಳನ್ನು ಕೊಂದಾಗ ಸಸಿಗಳು ಕುಂಠಿತವಾದದ್ದು 1970ರ ದಶಕದಲ್ಲೇ ದಾಖಲಾಗಿದೆ. ಕ್ಲೋವರ್ ಈ ಶಿಲೀಂಧ್ರಗಳಿಗೆ ಆಸರೆ ನೀಡುತ್ತದೆ. ಮೂಲಂಗಿ, ಸಾಸಿವೆ ನೀಡುವುದಿಲ್ಲ. ಮೂಲಂಗಿ ಮಣ್ಣನ್ನು ಸಡಿಲಿಸಬಹುದು, ಶಿಲೀಂಧ್ರವನ್ನು ಪೋಷಿಸದು. ಪುಸ್ತಕ ಈ ವ್ಯತ್ಯಾಸವನ್ನು ಗುರುತಿಸುವುದಿಲ್ಲ.

ಆದ್ದರಿಂದ ಇದನ್ನು ವೇದವಾಕ್ಯವೆಂದಾಗಲಿ ಕಟ್ಟುಕಥೆಯೆಂದಾಗಲಿ ಭಾವಿಸದೆ, ಪರೀಕ್ಷೆಗೆ ಕಾದಿರುವ ಊಹೆಗಳ ಕಣಜವೆಂದು ಓದುವುದು ಲೇಸು. ಶಾಲೆಯಲ್ಲೇ ಒಂದನ್ನು ಪರೀಕ್ಷಿಸಬಹುದು. ಒಂದೇ ಬಗೆಯ ಮಣ್ಣಿರುವ, ಉತ್ತ ಹೊಲದಿಂದ ಮತ್ತು ಉಳದ ತೋಟದಿಂದ ಸಮಗಾತ್ರದ ಹೆಂಟೆಗಳನ್ನು ತಂದು ನೆರಳಲ್ಲಿ ಒಣಗಿಸಿ, ನೀರಿನ ಲೋಟಗಳಲ್ಲಿ ಮೆಲ್ಲನೆ ಇಳಿಬಿಡಿ. ಯಾವುದು ಬೇಗ ಕರಗುತ್ತದೆ? ಹಲವು ಹೆಂಟೆಗಳಲ್ಲಿ ಪುನರಾವರ್ತಿಸಿ, ಸಮಯ ಬರೆದಿಡಿ. ಫುಕುವೋಕರ ಪುಟಗಳಲ್ಲಿ ಇಲ್ಲದ್ದು ಈ ಲೆಕ್ಕವೇ.