ಕುಚೇಲನ ಅವಲಕ್ಕಿ, ಲಕ್ಕಮ್ಮನ ಅಕ್ಕಿ

ಬಡತನದಲ್ಲಿಯೂ ತೃಪ್ತರಾಗಿ ದೈವದಲ್ಲಿ ನಂಬುಗೆಯಿಟ್ಟವರಿಗೆ ಉದಾಹರಣೆ ಹೇಳಬೇಕಾದಾಗ ಕುಚೇಲನನ್ನೂ ಆಯ್ದಕ್ಕಿ ಲಕ್ಕಮ್ಮನನ್ನೂ ಜೊತೆಯಾಗಿ ಹೆಸರಿಸುವುದು ಉಪಾಧ್ಯಾಯರಲ್ಲಿ ವಾಡಿಕೆಯಾಗಿದೆ. ಎರಡು ಕಥೆಗಳಲ್ಲಿಯೂ ದಂಪತಿಗಳುಂಟು, ಹಿಡಿಯಷ್ಟು ಧಾನ್ಯವುಂಟು, ಉದಾರಿಯಾದ ಪ್ರಭುವೊಬ್ಬನುಂಟು. ಸಾದೃಶ್ಯವು ಇಷ್ಟು ಸ್ಫುಟವಾಗಿರುವುದರಿಂದಲೇ ಭೇದವು ಕಣ್ಣಿಗೆ ಬೀಳದೆ ಉಳಿದಿದೆ.

ಶ್ರೀಮದ್ಭಾಗವತದ ದಶಮಸ್ಕಂಧದ 80 ಮತ್ತು 81ನೆಯ ಅಧ್ಯಾಯಗಳಲ್ಲಿ ಕುಚೇಲನ ಕಥೆ ಬರುವುದು. ಅಲ್ಲಿ ‘ಸುದಾಮ’ನೆಂಬ ಹೆಸರಿಲ್ಲ; ‘ಕುಚೈಲ’ ಎಂಬುದು ಹರಕುಬಟ್ಟೆಯವನೆಂಬ ವಿಶೇಷಣಮಾತ್ರ. ಹರಿಕಥೆಗಳಲ್ಲಿ ಕೇಳಿಬರುವ ಮಕ್ಕಳ ಹಿಂಡೂ ಮೂಲದಲ್ಲಿಲ್ಲ. ತಾನಾಗಿ ಬಂದುದರಲ್ಲಿ ಜೀವಿಸುವ ವಿರಕ್ತ ಗೃಹಸ್ಥನೊಬ್ಬ. ಹಸಿವಿನಿಂದ ಕೃಶಳಾಗಿ, ನಡುಗುತ್ತ, ದ್ವಾರಕೆಗೆ ಹೋಗಿರೆಂದು ಬೇಡುವ ಪತ್ನಿ. ಆತನು ಒಪ್ಪುವುದು ಧನಕ್ಕಾಗಿ ಅಲ್ಲ, ಭಗವದ್ದರ್ಶನವೇ ಪರಮಲಾಭವೆಂದು. ಆದರೆ ಕಾಣಿಕೆಗೆಂದು ನಾಲ್ಕು ಹಿಡಿ ಅವಲಕ್ಕಿಯನ್ನು ನೆರೆಯ ಬ್ರಾಹ್ಮಣರಲ್ಲಿ ಯಾಚಿಸಿ ತರುವವಳು ಆಕೆ. ಪತಿಯ ಸಂತೋಷದ ಭಾರವನ್ನು ಹೊತ್ತವಳು ಪತ್ನಿಯೆಂಬುದನ್ನು ವ್ಯಾಖ್ಯಾನಿಸುವವರು ಅಷ್ಟಾಗಿ ಎಣಿಸಿಲ್ಲ.

ಕೃಷ್ಣನು ಒಂದು ಹಿಡಿಯನ್ನು ತಿಂದು ಇನ್ನೊಂದಕ್ಕೆ ತೊಡಗಿದಾಗ ಶ್ರೀದೇವಿಯು ಆತನ ಕೈಯನ್ನು ಹಿಡಿಯುತ್ತಾಳೆ. ಬ್ರಾಹ್ಮಣನು ಏನನ್ನೂ ಕೇಳದೆ, ಪ್ರತ್ಯಕ್ಷವಾಗಿ ಏನನ್ನೂ ಪಡೆಯದೆ ಹಿಂದಿರುಗುತ್ತಾನೆ. ದಾರಿಯಲ್ಲಿ ಆತನ ಮನಸ್ಸಿನಲ್ಲಿ ಮೂಡುವ ಆಲೋಚನೆಯೇ ಈ ಆಖ್ಯಾನದ ಶಿಖರ: ದರಿದ್ರನು ಧನವನ್ನು ಪಡೆದು ಮದಿಸಿ ತನ್ನನ್ನು ಮರೆತಾನೆಂದೇ ಆ ಕರುಣಾಳುವು ಕೊಡಲಿಲ್ಲವಲ್ಲವೆ? ಕೊಡದಿರುವುದರಲ್ಲಿಯೂ ಕರುಣೆಯನ್ನು ಕಾಣುವ ಈ ಶ್ರದ್ಧೆಗೆ ಎಣೆಯಿಲ್ಲ. ಮರುಕ್ಷಣದಲ್ಲಿಯೇ ಅರಮನೆ ಎದುರಾಗುವುದು. ದೊರೆತ ಭೋಗಗಳನ್ನು ಆತನು ಅನಾಸಕ್ತನಾಗಿ ಅನುಭವಿಸಿದನೆಂದು ಪುರಾಣಕಾರನು ಎಚ್ಚರಿಕೆಯಿಂದ ಸೇರಿಸಿದ್ದರೂ ಕೇಳುವವರ ನೆನಪಿನಲ್ಲಿ ನಿಲ್ಲುವುದು ಅರಮನೆಯೇ. ಸಂತೋಷವು ಬಡ್ಡಿಸಹಿತವಾಗಿ ಹಿಂದಿರುಗುವ ಅಸಲಿನಂತೆ ತೋರತೊಡಗುವುದು.

12ನೆಯ ಶತಮಾನದ ಕಲ್ಯಾಣದಲ್ಲಿ ಚಿತ್ರವು ಬೇರೆ. ಅಮರೇಶ್ವರದಿಂದ ಬಂದ ಮಾರಯ್ಯನದು ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ನಿಯಮಕ್ಕಿಂತ ಹೆಚ್ಚು ಅಕ್ಕಿ ಬಂದಿತು. ಅಲ್ಲಿ ಪತಿಯನ್ನು ಪ್ರಭುವಿನ ಬಳಿಗೆ ಕಳುಹಿಸಿದವಳು ಪತ್ನಿ. ಇಲ್ಲಿಯೂ ಕಳುಹಿಸುವವಳು ಪತ್ನಿಯೇ. ಆದರೆ ತರುವುದಕ್ಕಲ್ಲ, ತಂದುದನ್ನು ಅಲ್ಲಿಯೇ ಸುರಿದು ಬರುವುದಕ್ಕೆ. ಆಸೆಯು ಅರಸರಿಗೆ ಸಲ್ಲುವುದೇ ಹೊರತು ಭಕ್ತರಿಗಲ್ಲವೆಂಬುದು ಆಕೆಯ ವಾದ. ಆಕೆಯ ಶಂಕೆಯು ಗಂಡನಲ್ಲಿಯೇ ನಿಲ್ಲುವುದೂ ಇಲ್ಲ: ಇದು ನಿಮ್ಮ ಮನಸ್ಸಿನ ಕೆಲಸವೋ, ಬಸವಣ್ಣನ ಅನುಮಾನದ ಕೆಲಸವೋ ಎಂದು ಕೇಳುತ್ತಾಳೆ. ಕೊಡುವವನನ್ನೂ ಹೀಗೆ ಪರೀಕ್ಷೆಗೆ ಒಳಪಡಿಸುವ ಮಾತು ಭಾಗವತದ ದಂಪತಿಗಳ ಬಾಯಿಂದ ಬಂದಿಲ್ಲ. ಬರಲು ಅಲ್ಲಿ ಅವಕಾಶವೂ ಇಲ್ಲ, ಅಲ್ಲಿ ಕೊಡುವವನು ಭಗವಂತನೇ.

ಇನ್ನೊಂದು ವಚನದಲ್ಲಿ ಆಕೆ ದ್ರವ್ಯದ ಬಡತನವನ್ನು ಮನಶ್ಶುದ್ಧಿಯಿಲ್ಲದವನ ಪಾಲಿಗೆ ಬಿಟ್ಟು, ಶುದ್ಧಚಿತ್ತದಿಂದ ಕಾಯಕ ಮಾಡುವವನಿಗೆ ಎಲ್ಲೆಡೆಯಲ್ಲಿಯೂ ಲಕ್ಷ್ಮಿಯನ್ನು ಕಾಣಿಸುತ್ತಾಳೆ. ಹಾಗಾದರೆ ಲಕ್ಕಮ್ಮನನ್ನು ‘ಬಡತನದಲ್ಲಿಯೂ ತೃಪ್ತಳಾದವಳು’ ಎಂದು ಹೊಗಳುವುದು ಆಕೆಯ ಮಾತಿಗೇ ವಿರುದ್ಧವಾಗುವುದು. ತಾನು ಬಡವಳೆಂಬುದನ್ನೇ ಆಕೆ ಒಪ್ಪಿಲ್ಲ. ಯೋಗಸೂತ್ರದ ವ್ಯಾಸಭಾಷ್ಯವು ಸಂತೋಷವೆಂಬ ನಿಯಮವನ್ನು ವಿವರಿಸುವಾಗ, ಕೈಗೆ ಸಿಕ್ಕಿರುವ ಸಾಧನಕ್ಕಿಂತ ಅಧಿಕವಾದುದನ್ನು ತೆಗೆದುಕೊಳ್ಳುವ ಇಚ್ಛೆಯಿಲ್ಲದಿರುವುದು ಎಂಬರ್ಥದಲ್ಲಿ ಹೇಳುವುದು. ಆ ಲಕ್ಷಣದಲ್ಲಿ ದಾರಿದ್ರ್ಯದ ಮಾತೇ ಇಲ್ಲ. ಸಂಸ್ಕೃತಶಾಸ್ತ್ರದ ಆ ಲಕ್ಷಣಕ್ಕೆ ನೇರವಾದ ಲಕ್ಷ್ಯವು ಕನ್ನಡದ ಕೂಲಿಯ ಹೆಣ್ಣೊಬ್ಬಳಲ್ಲಿ ದೊರೆಯುವುದು ವಿಚಾರಶೀಲರಿಗೆ ಮುದವನ್ನುಂಟುಮಾಡತಕ್ಕದ್ದು. ಹಸಿದವನಿಗೆ ಸಮಾಧಾನ ಹೇಳುವುದಕ್ಕಾಗಿ ಆಕೆಯ ವಚನವನ್ನು ಬಳಸುವುದು ಮಾತ್ರ ಅನ್ಯಾಯ. ಆಕೆ ಬಿಟ್ಟುಕೊಟ್ಟದ್ದು ಅನ್ನವನ್ನಲ್ಲ, ಅನ್ನಕ್ಕೆ ಮಿಕ್ಕುದನ್ನು.

ಲಕ್ಕಮ್ಮನ ಕಥೆಯೂ ಸಿರಿಯ ಸೋಂಕಿಲ್ಲದೆ ಉಳಿಯಲಿಲ್ಲವೆಂದು ಆಕ್ಷೇಪಿಸಬಹುದು. ಆಯ್ದ ಅಕ್ಕಿಯಲ್ಲಿಯೇ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ಆ ದಂಪತಿಗಳು ಉಣಬಡಿಸಿದರೆಂದು ಪರಂಪರೆಯು ಹೇಳುವುದು. ಪವಾಡವೆಂಬುದು ನಿಜ. ಆದರೆ ಅಲ್ಲಿ ಹೆಚ್ಚಿದ ಅನ್ನವೆಲ್ಲವೂ ಪಂಕ್ತಿಯಲ್ಲಿಯೇ ಸಂದುಹೋಯಿತು, ಗುಡಿಸಲು ಅರಮನೆಯಾಗಲಿಲ್ಲ.