ಮೈದಾನದ ಸ್ಪೀಕರ್, ನಡುಮನೆಯ ಸಂಗೀತ

1960ರ ದಶಕದ ಆರಂಭದಲ್ಲಿ ಅಮೆರಿಕದ ಅರ್ಕಾನ್ಸಾ ರಾಜ್ಯದ ಗವರ್ನರ್ ಹುದ್ದೆಗೆ ವಿನ್‌ತ್ರಾಪ್ ರಾಕ್‌ಫೆಲರ್ ಕಣಕ್ಕಿಳಿಯುವವರಿದ್ದರು. ಸಭೆಯ ಕೊನೆಯ ಸಾಲಿನವರಿಗೂ ಅವರ ಮಾತು ಬಿಡಿಬಿಡಿಯಾಗಿ ಕೇಳಬೇಕಿತ್ತು. ಅದೇ ರಾಜ್ಯದ ಹೋಪ್ ಎಂಬ ಊರಿನಲ್ಲಿ ಸ್ಪೀಕರ್ ತಯಾರಿಸುತ್ತಿದ್ದ ಪಾಲ್ ಕ್ಲಿಪ್ಶ್ ಈ ಕೆಲಸಕ್ಕೆಂದು 1963ರಲ್ಲಿ ಒಂದು ಪೆಟ್ಟಿಗೆ ಮಾಡಿಕೊಟ್ಟರು. ಚುನಾವಣಾ ಭಾಷಣಕ್ಕೆ ಹುಟ್ಟಿದ ಅದಕ್ಕೆ ಸಿಕ್ಕಿದ್ದು ಮಿಲಾನಿನ ಒಪೆರಾ ಮಂದಿರದ ಹೆಸರು: ಲಾ ಸ್ಕಾಲಾ. ಇಂದಿಗೂ ಅದು ಚೆಂದದ ಮರದ ಹೊದಿಕೆಯೊಂದಿಗೆ, ದುಬಾರಿ ಬೆಲೆಗೆ, ಮನೆಗಳಿಗೇ ಮಾರಾಟವಾಗುತ್ತಿದೆ.

ಹಾಗಾಗಿ ಸಭೆ ಸಮಾರಂಭಗಳ ಸ್ಪೀಕರನ್ನು ಮನೆಯ ಹೈ-ಫೈಗೆ ಜೋಡಿಸುವುದು ತಲೆಕೆಟ್ಟವರ ಹೊಸ ಖಯಾಲಿಯೇನಲ್ಲ. ಕಡಿಮೆ ದುಡ್ಡಿಗೆ ದೊಡ್ಡ ಸದ್ದು ಸಿಗುತ್ತದೆಂದು ಹೊರಡುವವರೂ ಇದ್ದಾರೆ, ಹಳೆಯ ಚಿತ್ರಮಂದಿರಗಳ ಹಾರ್ನ್‌ಗಳನ್ನು ದೇವರಂತೆ ಪೂಜಿಸುವವರೂ ಇದ್ದಾರೆ. ಇಬ್ಬರೂ ಅದರ ಗುಣವನ್ನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ ಎಂಬುದು ನನ್ನ ತಕರಾರು. ಈ ಸ್ಪೀಕರುಗಳ ಹೆಚ್ಚುಗಾರಿಕೆ ಜೋರಿನಲ್ಲಿಲ್ಲ. ಅವನ್ನು ಅಳೆಯಬೇಕಾದ್ದು ಮೆಲುದನಿಯಲ್ಲಿ.

ಮೈದಾನದ್ದು ಬೇರೆ, ಮನೆಯದ್ದು ಬೇರೆ ಎಂಬ ಭೇದ ಮೊದಲಿನಿಂದ ಇದ್ದದ್ದಲ್ಲ. ಆಂಪ್ಲಿಫೈಯರಿನಿಂದ ಹತ್ತು ವ್ಯಾಟ್ ಹೊರಡಿಸುವುದೇ ದೊಡ್ಡ ಮಾತಾಗಿದ್ದ ಕಾಲದಲ್ಲಿ ಎಲ್ಲ ಒಳ್ಳೆಯ ಸ್ಪೀಕರುಗಳೂ ಸ್ವಲ್ಪ ಕರೆಂಟಿನಲ್ಲಿ ಹೆಚ್ಚು ಸದ್ದು ಮಾಡಲೇಬೇಕಿತ್ತು. 1940ರ ದಶಕದಲ್ಲಿ ಬಂದ ಆಲ್ಟೆಕ್ ಕಂಪನಿಯ ‘ವಾಯ್ಸ್ ಆಫ್ ದಿ ಥಿಯೇಟರ್’ ಸರಣಿ ಚಿತ್ರಮಂದಿರದ ಪರದೆಯ ಹಿಂದೆಯೂ ನಿಂತಿತು, ಅನುಕೂಲಸ್ಥರ ಮನೆಗಳಿಗೂ ನುಗ್ಗಿತು. 1954ರಲ್ಲಿ ಎಡ್ಗರ್ ವಿಲ್ಚರ್ ಎಲ್ಲವನ್ನೂ ತಲೆಕೆಳಗು ಮಾಡಿದರು. ಅವರ ಎ.ಆರ್.-1 ಪುಸ್ತಕದ ಕಪಾಟಿನಲ್ಲಿ ಇಡಬಹುದಾದ, ಗಾಳಿಯಾಡದ ಪೆಟ್ಟಿಗೆ. ಅದರಿಂದ ಹೊರಟ ಮಂದ್ರ ಸ್ವರಗಳು ಆಳವಾಗಿದ್ದವು, ಆದರೆ ಅದು ವ್ಯಾಟುಗಳನ್ನು ಬಕಾಸುರನಂತೆ ನುಂಗುತ್ತಿತ್ತು. ಇದರ ಹಿಂದಿನ ಲೆಕ್ಕವನ್ನು ಕೆ.ಎಲ್.ಎಚ್. ಕಂಪನಿಯ ಹಾಫ್‌ಮನ್ ಬಿಡಿಸಿಟ್ಟರು: ಪೆಟ್ಟಿಗೆ ಚಿಕ್ಕದಿರಬೇಕು, ಬಾಸ್ ಆಳವಾಗಿರಬೇಕು, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಸದ್ದು ಬರಬೇಕು, ಈ ಮೂರರಲ್ಲಿ ಎರಡು ಮಾತ್ರ ದಕ್ಕುತ್ತವೆ. ಮನೆಯವರು ಮೊದಲೆರಡನ್ನು ಆರಿಸಿಕೊಂಡರು. ಮೈದಾನದವರು ಮೂರನೆಯದನ್ನು ಹಿಡಿದು ಆಳವಾದ ಬಾಸನ್ನು ಬಿಟ್ಟರು. ಎರಡೂ ಚೌಕಾಸಿಯೇ, ಒಂದು ಶುದ್ಧ ಇನ್ನೊಂದು ಒರಟು ಎಂದೇನಿಲ್ಲ.

ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಮನೆಯ ಸಾಮಾನ್ಯ ಸ್ಪೀಕರ್ 84ರಿಂದ 90 ಡೆಸಿಬಲ್ ಸದ್ದು ಮಾಡುತ್ತದೆ; ವೇದಿಕೆಯದು 95ರಿಂದ 100. ಸಣ್ಣ ಅಂತರವೆನ್ನಿಸಬಹುದು, ಆದರೆ ಪ್ರತಿ 10 ಡೆಸಿಬಲ್‌ಗೆ ಹತ್ತು ಪಟ್ಟು ವ್ಯಾಟ್ ಬೇಕು. ನೀವು 3 ಮೀಟರ್ ದೂರದಲ್ಲಿ ಕುಳಿತು ಸರಾಸರಿ 75 ಡೆಸಿಬಲ್‌ನಲ್ಲಿ ಮೃದಂಗದ ತನಿ ಆವರ್ತನ ಕೇಳುತ್ತಿದ್ದೀರಿ ಎನ್ನೋಣ. ಗೋಡೆಗಳ ನೆರವನ್ನು ಬದಿಗಿಟ್ಟು ಲೆಕ್ಕ ಹಾಕಿದರೆ 98ರ ಸ್ಪೀಕರಿಗೆ ಸಾಕಾಗುವುದು ಸುಮಾರು 0.05 ವ್ಯಾಟ್, 86ರದಕ್ಕೆ ಮುಕ್ಕಾಲು ವ್ಯಾಟ್. ಇಷ್ಟರಲ್ಲಿ ಒಂದು ಬಿಗಿಯಾದ ಪೆಟ್ಟು ಸರಾಸರಿಗಿಂತ 20 ಡೆಸಿಬಲ್ ಮೇಲೆ ನೆಗೆಯಿತೆಂದರೆ ಮೊದಲನೆಯದು 5 ವ್ಯಾಟಿನಲ್ಲಿ ಕೆಲಸ ಮುಗಿಸುತ್ತದೆ, ಎರಡನೆಯದು 70 ವ್ಯಾಟ್ ಕೇಳುತ್ತದೆ.

ಇಲ್ಲಿಗೆ ಭಕ್ತರು ಭಜನೆ ಶುರು ಮಾಡುತ್ತಾರೆ. ಆದರೆ 70 ವ್ಯಾಟಿನ ಆಂಪ್ಲಿಫೈಯರ್ ಇವತ್ತು ದುರ್ಲಭವಸ್ತುವೇನಲ್ಲವಲ್ಲ? ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಸಲೀಸಾಗಿ ಸಿಗುತ್ತದೆ. 300ಬಿ ವಾಲ್ವ್ ಹಾಕಿಕೊಂಡು 8 ವ್ಯಾಟಿನಲ್ಲಿ ಸಂಸಾರ ನಡೆಸುವವರನ್ನು ಬಿಟ್ಟರೆ ವ್ಯಾಟ್ ಉಳಿತಾಯ ಯಾರಿಗೂ ದೊಡ್ಡ ಲಾಭವಲ್ಲ. ನಿಜವಾದ ಲಾಭ ಇರುವುದು ಶಾಖದಲ್ಲಿ. ಸ್ಪೀಕರಿನೊಳಗಿನ ತಾಮ್ರದ ಸುರುಳಿ 100 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಅದರ ವಿದ್ಯುತ್ ರೋಧ ಸುಮಾರು ಶೇ. 40 ಏರುತ್ತದೆ. ಆಗ ಸದ್ದು ಏರಬೇಕಾದಷ್ಟು ಏರದೆ, ಪೆಟ್ಟಿನ ಮೊನೆ ಮೊಂಡಾಗುತ್ತದೆ. ಗಂಟೆಗಟ್ಟಲೆ ನೂರಾರು ವ್ಯಾಟ್ ತಿಂದು ತಾಳಿಕೊಳ್ಳಲೆಂದು 75ರಿಂದ 100 ಮಿಲಿಮೀಟರ್ ಸುರುಳಿ ಹಾಕಿರುವ ವೇದಿಕೆಯ ಊಫರಿಗೆ ನಮ್ಮ ಮನೆಯ 5 ವ್ಯಾಟ್ ಮೈಬೆಚ್ಚಗಾಗುವುದಕ್ಕೂ ಸಾಲದು. ಅದರ ಕೋನ್ ಕೂಡ ಅಲುಗಿತೋ ಇಲ್ಲವೋ ಎಂಬಷ್ಟೇ ಅಲುಗುತ್ತದೆ. ಮೃದಂಗದ ಬಲಗೈ ಬೆರಳುಗಳ ಚುರುಕು, ಚೆಂಡೆಯ ಮೊದಲ ಏಟು, ವೀಣೆಯ ಮೀಟು, ಇವುಗಳ ತುದಿ ಮೆಲುದನಿಯಲ್ಲೂ ಸವೆಯದೆ ಬರುತ್ತದೆ. ಇದನ್ನು ಒಮ್ಮೆ ಕೇಳಿದ ಮೇಲೆ ಹೆಸರಾಂತ ಪುಟ್ಟ ಸ್ಪೀಕರುಗಳು ಸ್ವಲ್ಪ ತೂಕಡಿಸುತ್ತಿವೆ ಅನ್ನಿಸುವುದು ಸಹಜ.

ಇನ್ನು ದೋಷಗಳು. ಇವು ಗುಣಗಳಷ್ಟು ಸರಳವಲ್ಲ.

ಮೊದಲನೆಯದು ದೂರ. ವೇದಿಕೆಯ ಪೆಟ್ಟಿಗೆಯಲ್ಲಿ ಕೆಳಗೆ 12 ಅಥವಾ 15 ಇಂಚಿನ ಊಫರ್, ಮೇಲೆ ಅಗಲವಾದ ಹಾರ್ನ್. ಎರಡರ ದನಿಯೂ ಬೆರೆತು ಒಂದಾಗುವುದಕ್ಕೆ ಜಾಗ ಬೇಕು. ಹತ್ತು ಹದಿನೈದು ಮೀಟರ್ ಆಚೆ ಕುಳಿತವನಿಗೆ ಅದು ಒಂದೇ ಬಾಯಿ. ಆರಡಿ ಹತ್ತಿರ ಕುಳಿತರೆ ಗಾಯಕಿಯ ಎದೆ ಒಂದು ಕಡೆ, ಗಂಟಲು ಇನ್ನೊಂದು ಕಡೆ. ಹಳೆಯ ಕಾಲದ ಹಾರ್ನ್ ಆದರೆ ಮೂಗಿನಿಂದ ಹಾಡಿದಂಥ ಛಾಯೆ ಬೇರೆ. ಈ ಮೂಗಿನ ಛಾಯೆಯನ್ನು ವಿಜ್ಞಾನ ಬಹುಮಟ್ಟಿಗೆ ಸರಿಪಡಿಸಿದೆ. 1970ರ ದಶಕದಲ್ಲಿ ಡಾನ್ ಕೀಲೆ ಎಲ್ಲ ಸ್ವರಗಳನ್ನೂ ಒಂದೇ ಕೋನದಲ್ಲಿ ಚೆಲ್ಲುವ ಹಾರ್ನ್ ರೂಪಿಸಿದರು. ಆಮೇಲೆ ಅರ್ಲ್ ಗೆಡ್ಡಿಸ್ ಹಾರ್ನ್ ಒಳಗಿನ ಪ್ರತಿಫಲನಗಳ ಬೆನ್ನುಹತ್ತಿ, ಅದರ ಬಾಯಿಗೆ ಫೋಮ್ ತುಂಬಿ, ಇಟಲಿಯ ಬಿ ಅಂಡ್ ಸಿ ಕಂಪನಿಯ ವೇದಿಕೆ ಡ್ರೈವರುಗಳನ್ನೇ ಬಳಸಿ ಮನೆಯ ಸ್ಪೀಕರ್ ಕಟ್ಟಿದರು. ಇಂಥ ಹಾರ್ನ್ ದನಿಯನ್ನು ಗೋಡೆಗೆ ಎರಚದೆ ಕೇಳುಗನತ್ತ ಕಳಿಸುತ್ತದೆ. ಬರಿಗೋಡೆ, ಗ್ರಾನೈಟ್ ನೆಲ, ಗಾಜಿನ ಷೋಕೇಸು ತುಂಬಿರುವ ನಮ್ಮ ನಡುಮನೆಗಳಲ್ಲಿ ಇದು ಕಡಿಮೆ ಉಪಕಾರವಲ್ಲ. ದೂರದ ಸಮಸ್ಯೆಗೆ ಮಾತ್ರ ಔಷಧಿಯಿಲ್ಲ. ಕೋಣೆ ಹಿಗ್ಗುವುದಿಲ್ಲ.

ಎರಡನೆಯದು ಬಾಸ್. ಬಹುಪಾಲು 12 ಇಂಚಿನ ವೇದಿಕೆ ಪೆಟ್ಟಿಗೆಗಳು 50–60 ಹರ್ಟ್ಸ್ ಹೊತ್ತಿಗೆ ಕೈಚೆಲ್ಲುತ್ತವೆ. ಸೊಂಟದೆತ್ತರದ ಲಾ ಸ್ಕಾಲಾ ಕೂಡ 50ರ ಆಸುಪಾಸಿನಿಂದ ಕೆಳಗೆ ಇಳಿಯುವುದಿಲ್ಲ. ಪಾಶ್ಚಾತ್ಯ ಸಂಗೀತದವರಿಗೆ ಇದು ದೊಡ್ಡ ನಷ್ಟ, ಏಕೆಂದರೆ ಡಬಲ್ ಬಾಸ್ ವಾದ್ಯದ ಕೊನೆಯ ತಂತಿ 41 ಹರ್ಟ್ಸ್‌ನಲ್ಲಿದೆ. ನಮ್ಮ ಕಚೇರಿ ಸಂಗೀತದ ಕಥೆ ಬೇರೆ. ಸಿ ಶಾರ್ಪ್ ಶ್ರುತಿಯ ಗಾಯಕನ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್. ತಂಬೂರಿಯ ಮಂದ್ರ ಷಡ್ಜ 69. ಅದಕ್ಕಿಂತ ಕೆಳಗೆ ಹಾಡುವವನಿಗೆ ಹೆಚ್ಚು ಕೆಲಸವಿಲ್ಲ. ಶಾಸ್ತ್ರೀಯ ಸಂಗೀತವನ್ನಷ್ಟೇ ಕೇಳುವ ಕನ್ನಡಿಗನಿಗೆ ಪಾಶ್ಚಾತ್ಯರ ಈ ದೂರು ಅರ್ಧದಷ್ಟೇ ಅನ್ವಯಿಸುತ್ತದೆ. ಈಗಿನ ಸಿನಿಮಾ ಹಾಡು ಬೇಕೆನ್ನುವವರು ಸಬ್‌ವೂಫರ್ ಸೇರಿಸಿ, 80 ಹರ್ಟ್ಸ್ ಕೆಳಗಿನದನ್ನೆಲ್ಲ ಅದಕ್ಕೆ ಒಪ್ಪಿಸುವುದು ಒಳ್ಳೆಯದು.

ಮೂರನೆಯದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ: ಸುಯ್ ಎನ್ನುವ ಸದ್ದು. ಹಾರ್ನ್‌ಗೆ ಜೋಡಿಸಿದ ಕಂಪ್ರೆಷನ್ ಡ್ರೈವರ್ ಒಂದು ವ್ಯಾಟಿಗೆ 105 ಡೆಸಿಬಲ್ಲೋ ಅದಕ್ಕಿಂತ ಹೆಚ್ಚೋ ಕೂಗಬಲ್ಲದು. ಆಂಪ್ಲಿಫೈಯರಿನ ಸಣ್ಣ ಗೊಣಗಾಟವನ್ನೂ ಅದು ಅಷ್ಟೇ ನಿಷ್ಠೆಯಿಂದ ಸಾರುತ್ತದೆ. ಒಳಗೇ ಆಂಪ್ಲಿಫೈಯರ್ ಇರುವ, ಮದುವೆ ಮನೆಯ ಡಿಜೆಗಳು ಕಂಬದ ಮೇಲೆ ನಿಲ್ಲಿಸುವ ಪ್ಲಾಸ್ಟಿಕ್ ಸ್ಪೀಕರುಗಳಲ್ಲಿ ಇದು ಜಾಸ್ತಿ. ಕೆಲವುಗಳಲ್ಲಿ ಫ್ಯಾನ್ ಕೂಡ ತಿರುಗುತ್ತದೆ. ಜೊತೆಗೆ ಮನೆಯ ಉಪಕರಣಗಳ ವಾಡಿಕೆಯ ಸಿಗ್ನಲ್ 0.316 ವೋಲ್ಟ್, ವೇದಿಕೆಯದು 1.23 ವೋಲ್ಟ್. ಈ ಕೊರತೆ ತುಂಬಲು ಗೇನ್ ತಿರುವಿದಂತೆಲ್ಲ ಸುಯ್‌ಗುಟ್ಟುವಿಕೆಯೂ ಏರುತ್ತದೆ. ಸಾವಿರ ಜನರ ಗದ್ದಲದಲ್ಲಿ ಇದು ಯಾರ ಕಿವಿಗೂ ಬೀಳದು. ರಾತ್ರಿ ಹತ್ತರ ಮೇಲೆ, ತಂಬೂರಿಯೊಂದೇ ನುಡಿಯುತ್ತಿರುವಾಗ, ಬೇರೇನೂ ಕಿವಿಗೆ ಬೀಳುವುದಿಲ್ಲ. ಆಲಾಪ ಕೇಳುವವರು ಒಳಗೇ ಆಂಪ್ಲಿಫೈಯರ್ ಇರುವ ಈ ಜಾತಿಯ ಸ್ಪೀಕರನ್ನು ಮನೆಗೆ ತರಲೇಬಾರದು ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಆಂಪ್ಲಿಫೈಯರ್ ಹೊರಗಿರುವ ಪೆಟ್ಟಿಗೆಗಳಲ್ಲಿ ಹಾರ್ನಿನ ಅಬ್ಬರವನ್ನು ಊಫರಿಗೆ ಸರಿಹೊಂದಿಸಲು ನಡುವೆ ರೋಧಕ ಹಾಕಿರುತ್ತಾರೆ. ಸುಯ್ ಸದ್ದೂ ಅದರೊಂದಿಗೆ ತಗ್ಗುತ್ತದೆ. ಪರದೆಯ ಹಿಂದೆ ನಿಲ್ಲಲೆಂದು ಮಾಡಿದ ಜೆ.ಬಿ.ಎಲ್. 3677ರಂಥ ಪೆಟ್ಟಿಗೆಗಳನ್ನು ಮನೆಯಲ್ಲೇ ಥಿಯೇಟರ್ ಕಟ್ಟಿಕೊಳ್ಳುವವರು ಇಷ್ಟಪಡುವುದು ಸುಮ್ಮನೆ ಅಲ್ಲ. ನೋಡಲು ಕಪ್ಪು ಬಣ್ಣ ಬಳಿದ ಅಕ್ಕಿ ಪೆಟ್ಟಿಗೆ, ಅದೂ ನಿಜ.

‘ವೃತ್ತಿಪರ’ ಎಂಬ ಚೀಟಿ ನೋಡಿ ಮರುಳಾಗುವಂತೆಯೂ ಇಲ್ಲ. ಬಿ.ಬಿ.ಸಿ. ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದು 1970ರ ದಶಕದಲ್ಲಿ ರೂಪಿಸಿದ ಎಲ್.ಎಸ್.3/5ಎ ಕೂಡ ವೃತ್ತಿಪರವೇ. ಒಂದು ವ್ಯಾಟಿಗೆ ಅದು ಮಾಡುವ ಸದ್ದು ಬರೀ 83 ಡೆಸಿಬಲ್ ಆಸುಪಾಸು, ಜೋರು ಮಾಡಿದರೆ ಬೆವರುತ್ತದೆ, ಆದರೆ ಸಣ್ಣ ಕೋಣೆಯಲ್ಲಿ ಮನುಷ್ಯನ ಕಂಠವನ್ನು ಅದರಷ್ಟು ಸಹಜವಾಗಿ ಕೇಳಿಸುವವು ಕಡಿಮೆ.

ಹೈ-ಫೈ ಎಂಬ ಶಾಸ್ತ್ರ ಹುಟ್ಟಿದ ಕಡೆ ಮಾದರಿಯಾಗಿ ಇದ್ದದ್ದು ಮೈಕ್ ಇಲ್ಲದ ಆರ್ಕೆಸ್ಟ್ರಾ. ನಮ್ಮಲ್ಲಿ ಹೆಚ್ಚಿನವರು ಕಚೇರಿ ಕೇಳಿದ್ದೇ ಮೈಕಿನಲ್ಲಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಚಪ್ಪರದಲ್ಲಿ ಕೂತವರಿಗೆ, ಬಯಲಾಟಕ್ಕೆ ನಿದ್ದೆಗೆಟ್ಟವರಿಗೆ, ‘ನಿಜವಾದ ದನಿ’ ಎಂದರೆ ಸ್ಪೀಕರಿನಿಂದ ಬಂದದ್ದೇ. ಅದೇ ಮಜಾ ಮನೆಯಲ್ಲೂ ಬೇಕು ಎನ್ನುವವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಮಜಾದಲ್ಲಿ ಬಯಲಿನ ಪಾಲೂ ಇತ್ತು, ಅದು ಮನೆಯೊಳಗೆ ಹಿಡಿಸದು. ಜಪಾನಿನವರು ಇದಕ್ಕೊಂದು ದಾರಿ ಕಂಡುಕೊಂಡರು. ಅಲ್ಲಿ ಮನೆ ಕಿರಿದು, ನೆರೆಮನೆ ಹತ್ತಿರ. ಹಾಗಾಗಿ ದೊಡ್ಡ ಹಾರ್ನ್‌ಗಳನ್ನು ಜಾಜ್ ಕಿಸ್ಸಾ ಎಂಬ ಕಾಫಿ ಅಂಗಡಿಗಳಲ್ಲಿ ಇಟ್ಟರು. ಜನ ಅಲ್ಲಿಗೇ ಹೋಗಿ, ಮಾತು ನಿಲ್ಲಿಸಿ, ರೆಕಾರ್ಡು ಕೇಳಿದರು. ಬೆಂಗಳೂರಿನ ಕಾಫಿಪ್ರಿಯರಲ್ಲಿ ಯಾರಾದರೂ ಇದನ್ನು ಮನಸ್ಸಿಗೆ ತಂದುಕೊಳ್ಳಬಾರದೆ?

ನಿಮ್ಮ ನಡುಮನೆ 20 ಅಡಿ ಉದ್ದವಿದ್ದು, ಸ್ಪೀಕರಿಗೂ ಸೋಫಾಕ್ಕೂ ನಡುವೆ 10 ಅಡಿಯಾದರೂ ಸಿಗುತ್ತದೆಂದರೆ, ಆಂಪ್ಲಿಫೈಯರ್ ಹೊರಗಿರುವ, ಇತ್ತೀಚಿನ ಹಾರ್ನ್ ಇರುವ ಒಂದು ಜೋಡಿಯನ್ನು ಧೈರ್ಯವಾಗಿ ಪರೀಕ್ಷಿಸಿ. ಅಂಗಡಿಯವರು ಕೇಳಿಸುವ ಡಿಜೆ ಹಾಡು ಬೇಡ. ನಿಮಗೆ ಬಾಯಿಪಾಠವಾಗಿರುವ ಕಚೇರಿಯೊಂದನ್ನು ಕೊಂಡೊಯ್ದು ರಾತ್ರಿ ಹೊತ್ತು ಮನೆಯಲ್ಲಿ ಕೇಳುವಷ್ಟೇ ಮೆಲ್ಲಗೆ ಹಾಕಿಸಿ. ಹಾಡು ನಿಲ್ಲಿಸಿ, ಹಾರ್ನಿನ ಬಳಿ ಕಿವಿಯಿಟ್ಟು ಸುಯ್ ಸದ್ದನ್ನೂ ಆಲಿಸಿ. ಹತ್ತಡಿ ಚದರದ ಕೋಣೆಯಲ್ಲಿ ಕೇಳುವವರು ಅದೇ ದುಡ್ಡಿಗೆ ಒಂದು ಜೋಡಿ ಒಳ್ಳೆಯ ಸ್ಟುಡಿಯೋ ಮಾನಿಟರ್ ಕೊಳ್ಳುವುದು ಮೇಲು.