ಕೆಂಪು ಗೋಬಿಯೂ ಅನುಮೋದನೆಯ ದೋಷವೂ

2024ರ ಮಾರ್ಚ್ 11ರಂದು ರಾಜ್ಯ ಸರ್ಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಮಾದರಿಗಳಲ್ಲಿ 107ರಲ್ಲಿ ಇಂತಹ ಬಣ್ಣವಿದ್ದಿತು. ಆಜ್ಞೆಯು ಯೋಗ್ಯವಾದುದೇ, ಆದರೆ ಅದರ ದೃಷ್ಟಿ ಹೋಟೆಲಿನ ಬಾಣಲೆಯ ಬಳಿಯೇ ನಿಂತಿತು. ನಮ್ಮ ಶಾಸ್ತ್ರವು ಪಾಪವನ್ನು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆಯಾಗಿ ಎಣಿಸುತ್ತದೆ. ಬಣ್ಣ ಬೆರೆಸಿದ ಅಡುಗೆಯವನು ಮೊದಲನೆಯವನು, ಬೆರೆಸೆಂದ ಮಾಲೀಕನು ಎರಡನೆಯವನು. ಕೆಂಪಗಿಲ್ಲವೆಂದು ತಟ್ಟೆಯನ್ನು ಹಿಂದಕ್ಕೆ ಸರಿಸುವ ಗಿರಾಕಿಯೋ? ವ್ಯಾಪಾರಿಯಾದ ನಾನು ಬಲ್ಲೆ, ಯಾರೂ ಬೇಡದ ಸರಕನ್ನು ಯಾವ ಅಂಗಡಿಯವನೂ ತರಿಸುವುದಿಲ್ಲ. ಹೂಕೋಸಿನ ಹುಳುವಿಗೆ ಅಂಜಿ ಗೋಬಿಯನ್ನೇ ಮುಟ್ಟದ ಶ್ರಾವಕರು ಇದು ತಮಗೆ ಸಂಬಂಧಿಸಿದ್ದಲ್ಲವೆಂದಾರು. ನ್ಯಾಮತಿಯಲ್ಲಿ ನಾವು ಮದುವೆಯ ಅಡುಗೆಯನ್ನು ಗುತ್ತಿಗೆಗೆ ಒಪ್ಪಿಸುವಾಗ ನೀರು ಸೋಸಿದ್ದೇ ಎಂದು ತಪ್ಪದೆ ವಿಚಾರಿಸುತ್ತೇವೆ; ಜಿಲೇಬಿಯ ಬಣ್ಣದ ಡಬ್ಬಿಯನ್ನು ತೋರಿಸೆಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ.